ಕಾರು ಕೆಟ್ಟಾಗ ಮೊದಲು ಇಳಿಯಬೇಕಾದವರು

2024ರ ಏಪ್ರಿಲ್‌ನಲ್ಲಿ ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನಲ್ಲಿ ರಸ್ತೆ ಬದಿ ನಿಂತಿದ್ದ ಒಂದೇ ಕುಟುಂಬದ ಐವರ ಮೇಲೆ ಟಿಪ್ಪರ್ ಮಗುಚಿ ಬಿದ್ದು ಐವರೂ ಪ್ರಾಣ ಬಿಟ್ಟರು. ಅದೇ ವರ್ಷ ಜೂನ್ 28ರ ಬೆಳಗಿನ ಜಾವ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ, ದೇವರ ದರ್ಶನ ಮುಗಿಸಿ ಭದ್ರಾವತಿ ಕಡೆಯ ಊರಿಗೆ ಮರಳುತ್ತಿದ್ದವರ ಟೆಂಪೊ ಟ್ರಾವೆಲರ್ ಹೆದ್ದಾರಿ ಬದಿ ನಿಂತಿದ್ದ ಲಾರಿಗೆ ಗುದ್ದಿ 13 ಮಂದಿ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಮೊದಲ ಘಟನೆಯಲ್ಲಿ ಸತ್ತವರು ನಿಂತಿದ್ದವರು, ಎರಡನೆಯದರಲ್ಲಿ ಸತ್ತವರು ನಿಂತ ಗಾಡಿಗೆ ಬಂದು ಗುದ್ದಿದವರು. ನಮ್ಮ ರಸ್ತೆಗಳಲ್ಲಿ ಓಡುವುದರಷ್ಟೇ ನಿಲ್ಲುವುದೂ ಅಪಾಯದ ಕೆಲಸ ಎಂಬುದಕ್ಕೆ ಇವೆರಡು ಸಾಕು. ಆದರೆ ಊರಿಗೆ ಹೊರಡುವ ಮುನ್ನ ಕಾರಿನ ಸಿದ್ಧತೆ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಸ್ಟೆಪ್ನಿ, ಜಾಕು, ಪಾನೆ, ರೇಡಿಯೇಟರಿಗೆ ಒಂದು ಕ್ಯಾನ್ ನೀರು. ಇವೆಲ್ಲ ಗಾಡಿಯನ್ನು ಮತ್ತೆ ಓಡಿಸುವ ಸಾಮಾನು. ಗಾಡಿ ಓಡದೆ ನಿಂತಿರುವ ಆ ಅರ್ಧ ಗಂಟೆ, ಒಂದು ಗಂಟೆ, ಒಮ್ಮೊಮ್ಮೆ ಮೂರು ಗಂಟೆ ಮಕ್ಕಳು ಎಲ್ಲಿ ಇರುತ್ತಾರೆ, ಹಿಂದಿನಿಂದ ಬರುವ ಚಾಲಕನಿಗೆ ಅವರು ಹೇಗೆ ಕಾಣುತ್ತಾರೆ, ಏನು ಕುಡಿಯುತ್ತಾರೆ ಎಂಬ ಲೆಕ್ಕ ಇದರಲ್ಲಿ ಎಲ್ಲೂ ಬರುವುದಿಲ್ಲ. ಮಕ್ಕಳಿರುವ ಮನೆಯವರು ಸಿದ್ಧತೆಯನ್ನು ಈ ಕಾಯುವ ಹೊತ್ತಿನಿಂದ ಶುರು ಮಾಡಬೇಕು, ರಿಪೇರಿಯ ಸಾಮಾನು ಎರಡನೆಯದು ಎಂಬುದು ಈ ಲೇಖನದ ವಾದ.

ಬೀಳಗಿ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯ ಸೀಮೆಯಲ್ಲಿ ಈ ಮಾತಿಗೆ ಹೆಚ್ಚಿನ ತೂಕ ಬರುವುದು ಕಬ್ಬಿನಿಂದ. ಕೃಷ್ಣಾ, ಘಟಪ್ರಭಾ ನೀರು ಕಂಡ ಈ ನೆಲದಲ್ಲಿ ಸಮೀರವಾಡಿ, ಹಿರೇಪಡಸಲಗಿ, ಉತ್ತೂರು, ಬಾಡಗಂಡಿ, ಮುಧೋಳ ಎಂದು ಒಂದರ ಪಕ್ಕ ಒಂದು ಕಾರ್ಖಾನೆಗಳಿವೆ. ದೀಪಾವಳಿಯ ಆಚೀಚೆ ಕಬ್ಬು ನುರಿಸಲು ಶುರುವಾದರೆ ಬೇಸಿಗೆಯ ಹೊಸ್ತಿಲವರೆಗೂ ಹಗಲು ರಾತ್ರಿ ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್‌ಗಳು ಓಡುತ್ತವೆ. ಎಷ್ಟೋ ಟ್ರೇಲರ್‌ಗಳಿಗೆ ಹಿಂದಿನ ದೀಪವಿಲ್ಲ. ಪೊಲೀಸರು ಅಂಟಿಸಿದ ರಿಫ್ಲೆಕ್ಟರ್ ಪಟ್ಟಿಯನ್ನು ಜೋತುಬಿದ್ದ ಕಬ್ಬಿನ ಸೋಗೆಯೇ ಮುಚ್ಚಿಬಿಡುತ್ತದೆ. ನಮ್ಮ ಜಾತ್ರೆಗಳೂ ಇದೇ ಕಾಲಕ್ಕೆ ಬೀಳುತ್ತವೆ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ, ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮ, ಮಾಯಕ್ಕನ ಚಿಂಚಲಿ ಎಂದು ಮನೆಮಂದಿಯೆಲ್ಲ ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ಹೊತ್ತು ರಸ್ತೆಯಲ್ಲಿರುವುದು ಕಬ್ಬಿನ ಗಾಡಿಗಳು ದಟ್ಟವಾಗಿರುವ ತಿಂಗಳುಗಳಲ್ಲೇ. ಅಂಥ ರಾತ್ರಿ ನಮ್ಮ ಕಾರೇ ದೀಪವಿಲ್ಲದೆ ನಿಂತರೆ ಏನಾದೀತು ಎಂದು ಲೆಕ್ಕ ಹಾಕಿ. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಡಿಪ್ ಮಾಡಿದ ದೀಪದ ಬೆಳಕಿನಲ್ಲಿ ಮಂಕು ಬಣ್ಣದ ವಸ್ತು ಐವತ್ತು ಮೀಟರ್ ದೂರಕ್ಕೆ ಕಂಡರೆ ಹೆಚ್ಚು. ಕಂಡದ್ದು ತಲೆಗೆ ಹೋಗಿ ಕಾಲು ಬ್ರೇಕಿನ ಮೇಲೆ ಬರುವಷ್ಟರಲ್ಲಿ ಒಂದೂವರೆ ಸೆಕೆಂಡು, ಅಂದರೆ 33 ಮೀಟರ್ ಮುಗಿದಿರುತ್ತದೆ. ಒಣ ಡಾಂಬರಿನ ಮೇಲೆ ಗಾಡಿ ನಿಲ್ಲಲು ಇನ್ನೂ ಸುಮಾರು 35 ಮೀಟರ್ ಬೇಕು. ಒಟ್ಟು ಎಪ್ಪತ್ತು ಮೀಟರಿನ ಹತ್ತಿರ. ಹಿಂದಿನಿಂದ ಬರುವವನು ಎಚ್ಚರವಾಗಿದ್ದರೂ, ಕುಡಿಯದೇ ಇದ್ದರೂ, ಒಳ್ಳೆಯ ಚಾಲಕನಾಗಿದ್ದರೂ ದೀಪವಿಲ್ಲದ ಕಾರಿಗೆ ಗುದ್ದುತ್ತಾನೆ ಎಂಬುದೇ ಈ ಲೆಕ್ಕದ ಅರ್ಥ.

ಹಾಗಾಗಿ ಕಾರಿನಲ್ಲಿ ಮೊದಲು ಇರಬೇಕಾದ್ದು ನಮ್ಮನ್ನು ಕಾಣಿಸುವ ಸಾಮಾನು. ಕೆಂಪು ಎಚ್ಚರಿಕೆ ತ್ರಿಕೋನ ಬಹುತೇಕ ಕಾರುಗಳ ಜೊತೆ ಬಂದೇ ಇರುತ್ತದೆ, ಡಿಕ್ಕಿಯ ತಳದಲ್ಲಿ ಪ್ಲಾಸ್ಟಿಕ್ ಕವರನ್ನೂ ತೆಗೆಯದ ಸ್ಥಿತಿಯಲ್ಲಿ. ಅದನ್ನು ತೆಗೆದು, ಜೋಡಿಸುವುದನ್ನು ಕತ್ತಲಲ್ಲೂ ಕೈಗೆ ರೂಢಿ ಮಾಡಿಸಿ, ಕೂಡಲೇ ಸಿಗುವ ಜಾಗದಲ್ಲಿ ಇಡಬೇಕು. ಎರಡಿದ್ದರೆ ಇನ್ನೂ ಒಳ್ಳೆಯದು. ಇಡುವ ದೂರವೇ ಮುಖ್ಯ. ಕಾರಿನ ಬೆನ್ನಿಗೇ ಇಟ್ಟ ತ್ರಿಕೋನದಿಂದ ಪ್ರಯೋಜನವಿಲ್ಲ. ಸಾಮಾನ್ಯ ರಸ್ತೆಯಲ್ಲಿ ಕನಿಷ್ಠ ಐವತ್ತು ಮೀಟರ್, ಹೆದ್ದಾರಿಯಲ್ಲಿ ನೂರು ಮೀಟರ್ ಹಿಂದೆ ಇಡಬೇಕು. ತಿರುವಿದ್ದರೆ ತಿರುವಿನ ಆಚೆಗೆ. ಇಡಲು ಹೋಗುವವರು ಅದನ್ನು ಬಿಚ್ಚಿ ಎದೆಯ ಮುಂದೆ ಹಿಡಿದು, ಬರುವ ವಾಹನಗಳಿಗೆ ಮುಖ ಮಾಡಿ, ಡಾಂಬರು ಬಿಟ್ಟು ಅಂಚಿನಲ್ಲಿ ನಡೆಯಬೇಕು. ಅವರ ಮೈಮೇಲೆ ಹೊಳೆಯುವ ಜಾಕೆಟ್ ಇರಬೇಕು. ರಸ್ತೆ ಕೆಲಸದವರು ತೊಡುವ ಆ ಹಳದಿ ಜಾಕೆಟ್‌ಗೆ ದೊಡ್ಡ ಬೆಲೆ ಏನಿಲ್ಲ. ಮಕ್ಕಳ ಅಳತೆಯವೂ ಸಿಗುತ್ತವೆ. ಜಾಕೆಟ್ ಡಿಕ್ಕಿಯಲ್ಲಿದ್ದರೆ ಅದನ್ನು ತೆಗೆಯಲು ಜಾಕೆಟ್ ಇಲ್ಲದೆ ರಸ್ತೆಗಿಳಿಯಬೇಕಾಗುತ್ತದೆ, ಆದ್ದರಿಂದ ಅದರ ಜಾಗ ಸೀಟಿನ ಹಿಂದಿನ ಜೇಬು. ಕೈಯಲ್ಲಿ ಹಿಡಿಯುವ ಬ್ಯಾಟರಿಗಿಂತ ಹಣೆಗೆ ಕಟ್ಟುವ ಬ್ಯಾಟರಿ ಮೇಲು, ಏಕೆಂದರೆ ಆಗ ಒಂದು ಕೈ ಮಗುವಿಗೆ, ಒಂದು ಕೈ ಕೆಲಸಕ್ಕೆ ಸಿಗುತ್ತದೆ. ತ್ರಿಕೋನದ ಬದಲು ನಮ್ಮಲ್ಲಿ ಕಲ್ಲು ಇಡುತ್ತಾರೆ, ಜಾಲಿಯ ಟೊಂಗೆ ಮುರಿದು ಹಾಕುತ್ತಾರೆ. ಈ ರೂಢಿಯನ್ನು ಬಿಡಲೇಬೇಕು. ರಾತ್ರಿ ಟೊಂಗೆ ಕಾಣುವುದಿಲ್ಲ. ಗಾಡಿ ಸರಿಯಾಗಿ ಹೊರಟ ಮೇಲೆ ಕಲ್ಲನ್ನು ಯಾರೂ ಎತ್ತಿಡುವುದಿಲ್ಲ. ಆ ಕಲ್ಲಿಗೆ ಬೈಕಿನಲ್ಲಿ ಬರುವ ಇನ್ನೊಂದು ಮನೆಯ ಮಕ್ಕಳು ಬೀಳುತ್ತಾರೆ.

ಇನ್ನು ನಿಲ್ಲುವ ಜಾಗ. ಟೈರು ಗಾಳಿ ಕಳೆದುಕೊಂಡ ಕೂಡಲೇ ನಿಲ್ಲಬೇಕು, ಇಲ್ಲದಿದ್ದರೆ ಟೈರು ಹಾಳಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮಾತು ನಿಜ, ಆದರೆ ಮಕ್ಕಳು ಒಳಗಿದ್ದಾಗ ಅದನ್ನು ಪಾಲಿಸಬಾರದು. ಕೃಷ್ಣೆಯ ಮೇಲಿನ ಕೊರ್ತಿ-ಕೊಲ್ಹಾರ ಸೇತುವೆ, ಘಟಪ್ರಭೆಯ ಮೇಲಿನ ಅನಗವಾಡಿ ಸೇತುವೆ, ಎರಡೂ ಕಡೆ ಕಬ್ಬು ಒತ್ತಿಕೊಂಡು ಬಂದ ಇಕ್ಕಟ್ಟಿನ ರಸ್ತೆ, ಇಲ್ಲೆಲ್ಲ ನಿಲ್ಲುವುದೆಂದರೆ ಮಕ್ಕಳನ್ನು ಇಳಿಸಲು ಜಾಗವಿಲ್ಲದ ಕಡೆ ನಿಂತಂತೆ. ಅಪಾಯದ ದೀಪ ಹಾಕಿಕೊಂಡು, ನಡಿಗೆಯ ವೇಗದಲ್ಲಿ, ರಿಮ್ಮು ನೆಲ ಮುಟ್ಟಿದರೂ ಸರಿ, ಮುಂದಿನ ಕ್ರಾಸಿಗೋ ಪೆಟ್ರೋಲ್ ಬಂಕಿಗೋ ಡಾಬಾದ ಅಂಗಳಕ್ಕೋ ಹೋಗಿ ಸೇರಿ. ಹೋಗುವುದು ಒಂದು ಟೈರು, ಹೆಚ್ಚೆಂದರೆ ಒಂದು ರಿಮ್ಮು. ಮಳೆಗಾಲದಲ್ಲಿ ಇನ್ನೊಂದು ತೊಡಕಿದೆ. ಡಾಂಬರಿನ ಕೆಳಗೆ ಇಳಿಸಿದರೆ ಎರೆಮಣ್ಣಿನಲ್ಲಿ ಗಾಲಿ ಹುಗಿದು ಟ್ರ್ಯಾಕ್ಟರ್ ಬರುವವರೆಗೂ ಅಲ್ಲಾಡುವುದಿಲ್ಲ. ಅರ್ಧ ರಸ್ತೆಯ ಮೇಲೆ, ಅರ್ಧ ಕೆಸರಿನಲ್ಲಿ ಸಿಕ್ಕಿಕೊಂಡ ಕಾರು ಎಲ್ಲಕ್ಕಿಂತ ಅಪಾಯ. ಗರಸು ಹಾಕಿದ ಗಟ್ಟಿ ಅಂಚು, ಮಡ್ಡಿ ನೆಲ ಸಿಗುವವರೆಗೂ ತಾಳ್ಮೆಯಿಂದ ಉರುಳಿಸಬೇಕು.

ಕಾರು ನಿಂತ ಮೇಲೆ ಮಕ್ಕಳು ಒಳಗಿರಬೇಕೋ ಹೊರಗೋ? ಒಳಗೆ ಕೂತರೆ ಓಡಾಡುವುದಿಲ್ಲ, ಕಣ್ಣ ಮುಂದೆ ಇರುತ್ತಾರೆ ಎಂಬುದು ಬಹಳ ತಂದೆತಾಯಂದಿರ ಲೆಕ್ಕ. ಆದರೆ ಹಿಂದಿನಿಂದ ಬಂದ ಲಾರಿ ಮೊದಲು ಜಜ್ಜುವುದು ಮಕ್ಕಳು ಕೂತ ಹಿಂದಿನ ಸೀಟನ್ನೇ. ರಸ್ತೆಯಿಂದ ದೂರ ಸರಿಯಲು ಜಾಗವಿದ್ದಲ್ಲಿ ಮಕ್ಕಳನ್ನು ಮೊದಲು ಇಳಿಸಬೇಕು, ಎಡಗಡೆಯ ಬಾಗಿಲಿನಿಂದಲೇ ಇಳಿಸಬೇಕು, ದೊಡ್ಡವರೊಬ್ಬರು ಅವರನ್ನು ರಸ್ತೆಯಿಂದ ಆದಷ್ಟು ಆಚೆಗೆ, ತಡೆಗೋಡೆ ಇದ್ದರೆ ಅದರ ಹಿಂದಕ್ಕೆ ಕರೆದೊಯ್ಯಬೇಕು. ಕಾರಿನ ಮುಂದೆ ನಿಲ್ಲಿಸಬಾರದು. ಗುದ್ದಿಸಿಕೊಂಡ ಕಾರು ಮುಂದಕ್ಕೇ ಚಿಮ್ಮುವುದರಿಂದ ಕಾರಿಗಿಂತ ಹಿಂದೆ, ವಾಹನಗಳು ಬರುವ ದಿಕ್ಕಿನ ಕಡೆಗೆ, ರಸ್ತೆಯಿಂದ ಹೊರಗೆ ನಿಲ್ಲುವುದು ಸರಿಯಾದ ಜಾಗ. ಕಾರಿನ ಮುಂದಿನ ನೆರಳಲ್ಲಿ ಮಕ್ಕಳನ್ನು ಕೂರಿಸಿ ಊಟಕ್ಕೆ ಕೊಡುವ ದೃಶ್ಯ ಜಾತ್ರೆಯ ದಿನಗಳಲ್ಲಿ ಎಲ್ಲೆಲ್ಲೂ ಕಾಣುತ್ತದೆ, ನೋಡಿದರೆ ಎದೆ ನಡುಗುತ್ತದೆ. ಇಳಿಯಲು ಜಾಗವೇ ಇಲ್ಲದ ಸೇತುವೆಯ ಮೇಲೆ ಕಾರು ಪೂರ್ತಿ ಸತ್ತು ನಿಂತರೆ ಮಾತ್ರ ಎಲ್ಲರೂ ಬೆಲ್ಟು ಕಟ್ಟಿಕೊಂಡು ಒಳಗೇ ಇದ್ದು 112ಕ್ಕೆ ಕರೆ ಮಾಡಬೇಕು. ಎಡಗಡೆಯಿಂದ ಇಳಿಸುವುದು ಸುಲಭವಾಗಬೇಕಾದರೆ ಅದರ ತಯಾರಿ ಮನೆಯಲ್ಲೇ ಆಗಬೇಕು. ಚಿಕ್ಕ ಮಗುವಿನ ಸೀಟನ್ನು ಹಿಂದಿನ ಎಡಭಾಗದಲ್ಲಿ ಕೂರಿಸಿ. ಬಲಬಾಗಿಲಿನ ಚೈಲ್ಡ್ ಲಾಕ್ ಸದಾ ಹಾಕಿರಲಿ. ಎಡಬಾಗಿಲಿಗೆ ಮೂಟೆ, ಬುತ್ತಿ ಡಬ್ಬಿ ಒರಗಿಸಬೇಡಿ.

ಮಗುವಿನ ಸೀಟು ಎಂದ ಕೂಡಲೇ ಬರುವ ಆಕ್ಷೇಪ ಗೊತ್ತಿದೆ. ತಾಯಿಯ ಮಡಿಲಿಗಿಂತ ಭದ್ರವಾದ ಜಾಗ ಯಾವುದಿದೆ, ಮಗು ಆ ಸೀಟಿನಲ್ಲಿ ಕೂತರೆ ಊರು ಮುಟ್ಟುವವರೆಗೂ ಅಳುತ್ತದೆ ಎನ್ನುತ್ತಾರೆ. ಮಡಿಲಿನ ಮಮತೆಯನ್ನು ಯಾರೂ ಅಲ್ಲಗಳೆಯುವುದಿಲ್ಲ, ತೋಳಿನ ಬಲವನ್ನು ಮಾತ್ರ ಲೆಕ್ಕ ಹಾಕಬೇಕು. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಕಬ್ಬಿನ ಟ್ರೇಲರಿಗೆ ಗುದ್ದಿ ಅರ್ಧ ಮೀಟರಿನಲ್ಲಿ ನಿಂತರೆ ಹತ್ತು ಕಿಲೋ ತೂಕದ ಕೂಸು ಆ ಕ್ಷಣಕ್ಕೆ ಸುಮಾರು ಇನ್ನೂರು ಕಿಲೋದಷ್ಟು ಜೋರಿನಿಂದ ಮುಂದಕ್ಕೆ ಎಳೆಯುತ್ತದೆ. ಯಾವ ತಾಯಿಯೂ ಅದನ್ನು ಹಿಡಿದಿಡಲಾರಳು. ಬೆಲ್ಟಿಲ್ಲದ ತಾಯಿ ತನ್ನ ಭಾರದಿಂದಲೇ ಮಗುವನ್ನು ಮುಂದಿನ ಸೀಟಿಗೆ ಒತ್ತಿಬಿಡುತ್ತಾಳೆ. 2022ರಲ್ಲಿ ದೇಶದಲ್ಲಿ ಸೀಟ್ ಬೆಲ್ಟ್ ಹಾಕದೆ ಸತ್ತವರು 16,715 ಮಂದಿ ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ಅರ್ಧದಷ್ಟು ಜನ ಪ್ರಯಾಣಿಕರು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟಿನಲ್ಲಿ ಅಥವಾ ಮಕ್ಕಳ ಸೀಟಿನಲ್ಲಿ ಕೂರಿಸದಿದ್ದರೆ ಸಾವಿರ ರೂಪಾಯಿ ದಂಡವೂ ಇದೆ. ಹಸುಗೂಸಿನ ಸೀಟು ಹಿಂದಕ್ಕೆ ಮುಖ ಮಾಡಿರಬೇಕು, ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಅದನ್ನು ಎಂದಿಗೂ ಕಟ್ಟಬಾರದು. ಅಳುವಿನ ಮಾತಿಗೆ ಬಂದರೆ, ಬೀಳಗಿಯಿಂದ ಬಾಗಲಕೋಟೆಗೆ ಹೋಗುವಂಥ ಚಿಕ್ಕ ದಾರಿಗಳಲ್ಲಿ ಮೊದಲಿನಿಂದ ರೂಢಿ ಮಾಡಿಸಿದ ಮಗು ದೂರದ ದಾರಿಯಲ್ಲೂ ಕೂರುತ್ತದೆ. ಜಾತ್ರೆಯ ದಿನ ಮೊದಲ ಬಾರಿಗೆ ಕೂರಿಸಿದರೆ ಅಳುವುದು ಸಹಜ. ಖರ್ಚಿನ ಪ್ರಶ್ನೆಯೂ ಇದೆ. ಕೆಲವು ಸಾವಿರ ರೂಪಾಯಿ ಬಡ ಮನೆಗೆ ಭಾರವೇ, ಆದರೆ ಕಾರು ಕೊಂಡವರು ಸೀಟಿನ ಹೊದಿಕೆಗೆ, ಹಾಡಿನ ಪೆಟ್ಟಿಗೆಗೆ ಅದಕ್ಕಿಂತ ಹೆಚ್ಚು ಸುರಿಯುತ್ತಾರೆ.

ಏಪ್ರಿಲ್, ಮೇ ತಿಂಗಳಲ್ಲಿ ಅಪಾಯದ ರೂಪ ಬೇರೆ. ಬಾಗಲಕೋಟೆ ಜಿಲ್ಲೆಯಲ್ಲಿ ಪಾದರಸ 40 ಡಿಗ್ರಿ ದಾಟುವ ಮಧ್ಯಾಹ್ನ ಎಂಜಿನ್ ಆರಿದ ಕಾರಿನ ಒಳಗೆ ಏನಾಗುತ್ತದೆ ಎಂಬುದನ್ನು 2005ರಲ್ಲಿ ಅಮೆರಿಕದಲ್ಲಿ ನಡೆದ ಅಳತೆ ತಿಳಿಸಿದೆ. ಮುಚ್ಚಿದ ಕಾರಿನೊಳಗಿನ ತಾಪ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತು. ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಏರಿಕೆ ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿದ್ದರಿಂದ ಹೆಚ್ಚಿನ ವ್ಯತ್ಯಾಸ ಆಗಲಿಲ್ಲ. ಹೊರಗೇ 40 ಇದ್ದರೆ ಒಳಗೆ ಅರವತ್ತರ ಮೇಲೆ ಹೋಗುವುದು ದೂರವಿಲ್ಲ, ಮೇಲಾಗಿ ಮಕ್ಕಳ ಮೈ ದೊಡ್ಡವರ ಮೈಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಹಾಗಾಗಿ ನೆರಳಿನ ಸಾಮಾನು ಈ ಸೀಮೆಯಲ್ಲಿ ಸ್ಟೆಪ್ನಿಯಷ್ಟೇ ಅಗತ್ಯ. ಎರಡು ದೊಡ್ಡ ಕೊಡೆ, ಒಂದು ಹಗ್ಗ, ಮನೆಯಲ್ಲಿ ಅಜ್ಜಿ ಹೊಲಿದ ಹಳೆಯ ಕೌದಿ ಒಂದಿದ್ದರೆ ಯಾವ ಬೇವಿನ ಗಿಡದ ಬುಡದಲ್ಲೂ ಮಕ್ಕಳನ್ನು ಕೂರಿಸಬಹುದು. ಗಿಡವಿಲ್ಲದ ಕಡೆ ಕಟ್ಟಿ ನೆರಳು ಮಾಡಬಹುದು. ಕುಡಿಯುವ ನೀರು ತಲೆಗೆ ಎರಡು ಲೀಟರ್ ಇರಲಿ, ರೇಡಿಯೇಟರಿನ ನೀರು ಬೇರೆ ಕ್ಯಾನಿನಲ್ಲಿರಲಿ. ಹೊಗೆಯಾಡುವ ರೇಡಿಯೇಟರಿನ ಮುಚ್ಚಳಕ್ಕೆ ಎಂಜಿನ್ ಪೂರ್ತಿ ತಣ್ಣಗಾಗುವವರೆಗೂ ಕೈ ಹಾಕಬೇಡಿ, ಮಕ್ಕಳನ್ನು ಅದರ ಹತ್ತಿರ ಬಿಡಬೇಡಿ. ಕುದಿಯುವ ನೀರು ಚಿಮ್ಮುವ ಎತ್ತರ ಮಗುವಿನ ಮುಖದ ಎತ್ತರವೇ ಆಗಿರುತ್ತದೆ.

ವಾಂತಿ, ಭೇದಿ, ಬಿಸಿಲಿನ ಬಳಲಿಕೆಗೆ ಓಆರ್‌ಎಸ್ ಪೊಟ್ಟಣ ಜೊತೆಗಿರಲಿ, ಆದರೆ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಎಂದು ಬರೆದದ್ದನ್ನೇ ಕೊಳ್ಳಿ. ಓಆರ್‌ಎಸ್ ಹೆಸರು ಹೊತ್ತು ಡಬ್ಬಿಗಳಲ್ಲಿ ಮಾರಾಟವಾಗುತ್ತಿದ್ದ ಸಕ್ಕರೆ ಪಾನೀಯಗಳು ಆ ಹೆಸರು ಬಳಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದ್ದು ಇದೇ ಕಾರಣಕ್ಕೆ. ಹೆಚ್ಚಿನ ಸಕ್ಕರೆ ಭೇದಿಯನ್ನು ಇನ್ನಷ್ಟು ಹದಗೆಡಿಸುತ್ತದೆ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಪೂರ್ತಿ ಹಾಕಬೇಕು, ಲೋಟಕ್ಕಿಷ್ಟು ಎಂದು ಅಂದಾಜಿನಲ್ಲಿ ಕಲಸಬಾರದು. ತಿನ್ನಲು ಖಡಕ್ ರೊಟ್ಟಿ, ಚುರುಮುರಿ, ರಾಜಗಿರಿ ಉಂಡಿ ಚೆನ್ನ. ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾಕಾಳು ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಂಡರೆ ಆಸ್ಪತ್ರೆ ದೂರ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಸ್ವಚ್ಛ ಬಟ್ಟೆ, ಅಗಲವಾದ ಪಟ್ಟಿ, ಕತ್ತರಿ, ನಿಮ್ಮ ಮಗುವಿನ ತೂಕಕ್ಕೆ ವೈದ್ಯರು ಬರೆದುಕೊಟ್ಟ ಜ್ವರದ ಔಷಧ, ಅಸ್ತಮಾ ಅಥವಾ ಫಿಟ್ಸ್ ಇರುವ ಮಗುವಾದರೆ ಅದರ ಔಷಧ ಇರಬೇಕು. ರಕ್ತ ಸುರಿಯುವಲ್ಲಿ ಬಟ್ಟೆ ಇಟ್ಟು ಬಿಡದೆ ಒತ್ತಿ ಹಿಡಿಯುವುದು, ಸುಟ್ಟಲ್ಲಿ ಇಪ್ಪತ್ತು ನಿಮಿಷ ತಣ್ಣೀರು ಹಾಯಿಸುವುದು, ಈ ಎರಡು ಗೊತ್ತಿದ್ದರೆ ಬಹುಪಾಲು ಸಾಕು. ಅರಿಸಿನ, ಕಾಫಿಪುಡಿ, ಟೂತ್‌ಪೇಸ್ಟ್ ಬೇಡ. ಇಲ್ಲೊಂದು ಎಚ್ಚರಿಕೆ: ಅರವತ್ತು ಡಿಗ್ರಿ ಕಾಯುವ ಕಾರಿನಲ್ಲಿ ತಿಂಗಳುಗಟ್ಟಲೆ ಇಟ್ಟ ಸಿರಪ್ ಔಷಧವಾಗಿ ಉಳಿಯುವುದಿಲ್ಲ, ಪವರ್ ಬ್ಯಾಂಕ್ ಉಬ್ಬಿ ಬೆಂಕಿ ಹತ್ತುವ ಸಾಧ್ಯತೆಯೂ ಇದೆ. ಆದ್ದರಿಂದ ಚೀಲ ಎರಡಿರಲಿ. ತ್ರಿಕೋನ, ಹಗ್ಗ, ಕೌದಿ, ಕೊಡೆ ಕಾರಿನಲ್ಲೇ ಇರುವ ಚೀಲಕ್ಕೆ. ನೀರು, ತಿಂಡಿ, ಔಷಧ, ಪವರ್ ಬ್ಯಾಂಕ್ ಮನೆಯ ಬಾಗಿಲ ಹತ್ತಿರದ ಚೀಲಕ್ಕೆ. ಅದು ಕಾರಿನೊಡನೆ ಹೋಗಿ ಕಾರಿನೊಡನೆ ಮನೆಗೆ ಬರಬೇಕು.

ರಾತ್ರಿ ಮೂತ್ರಕ್ಕೆಂದು ಮಗುವನ್ನು ಕಬ್ಬಿನ ಪಡಕ್ಕೆ ಒಯ್ಯುವವರು ಕೊಳಕುಮಂಡಲ, ಕಟ್ಟುಹಾವು, ನಾಗರದ ನೆನಪು ಇಟ್ಟುಕೊಳ್ಳಬೇಕು. ಬ್ಯಾಟರಿಯ ಬೆಳಕಿಲ್ಲದೆ, ಚಪ್ಪಲಿಯಿಲ್ಲದೆ ಡಾಂಬರು ಬಿಡಬಾರದು. ಕಚ್ಚಿದರೆ ಬಿಗಿ ಕಟ್ಟುವುದು, ಕುಯ್ಯುವುದು, ಹೀರುವುದು ಯಾವುದೂ ಬೇಡ. ಕೈಕಾಲು ಅಲ್ಲಾಡದಂತೆ ಹಿಡಿದು ನೇರವಾಗಿ ತಾಲ್ಲೂಕು ಆಸ್ಪತ್ರೆಗೆ.

ಮಳೆಗಾಲದಲ್ಲಿ ಈ ಸೀಮೆಯ ಹೊಳೆಗಳು ನಮ್ಮ ಮಳೆಗೆ ಏರುವುದಿಲ್ಲ. ಬೀಳಗಿಯಲ್ಲಿ ಬಿಸಿಲಿದ್ದಾಗಲೇ ಮಹಾರಾಷ್ಟ್ರದ ಘಟ್ಟದ ಮಳೆಗೆ ಕೃಷ್ಣೆ, ಹಿಡಕಲ್ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಘಟಪ್ರಭೆ ಉಕ್ಕುತ್ತವೆ. 2019ರ ಆಗಸ್ಟ್‌ನಲ್ಲಿ ಇಡೀ ಜಿಲ್ಲೆ ಕಂಡ ಮಹಾಪೂರ ಹಾಗೆಯೇ ಬಂದದ್ದು. ಗಲಗಲಿ, ಢವಳೇಶ್ವರದಂಥ ಕೆಳಮಟ್ಟದ ಸೇತುವೆಗಳು ನೀರಿನಡಿ ಹೋಗುವುದು ಹೊಸತಲ್ಲ. ಹೋದ ತಾಸು ಬಸ್ಸು ದಾಟಿತು ಎಂಬ ಮಾತನ್ನು ನಂಬಿ ಕಾರು ಇಳಿಸಬೇಡಿ. ಹರಿಯುವ ನೀರು ಒಂದು ಅಡಿ ಇದ್ದರೆ ಚಿಕ್ಕ ಕಾರನ್ನು ತಳ್ಳಿಕೊಂಡು ಹೋಗಬಲ್ಲದು, ಎರಡು ಅಡಿ ಇದ್ದರೆ ಬಹುತೇಕ ವಾಹನಗಳನ್ನು. ಇಲ್ಲಿ ಯಾವ ಸಾಮಾನೂ ಉಪಯೋಗಕ್ಕೆ ಬಾರದು. ಸುತ್ತಿ ಬಳಸಿ ಹೋಗುವಷ್ಟು ಎಣ್ಣೆ ಟ್ಯಾಂಕಿನಲ್ಲಿರಬೇಕು, ಅಷ್ಟೇ. ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಸಬಾರದೆಂಬ ನಿಯಮ ಮಕ್ಕಳಿರುವ ಮನೆಗೆ ಒಳ್ಳೆಯದು.

ರಿಪೇರಿಯ ಸಾಮಾನಿಗೆ ಈಗ ಬರೋಣ. ಅದು ಎರಡನೆಯದಾದರೂ ಬೇಡವೆಂದಲ್ಲ, ಕಾಯುವ ಹೊತ್ತನ್ನು ಕಡಿಮೆ ಮಾಡುವುದು ಅದೇ. 2020ರ ಜುಲೈನಲ್ಲಿ ನಿಯಮ ಬದಲಾಗಿ, ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಿಲ್ಲ. ನಿಮ್ಮದು ಅಂಥ ಕಾರೋ ಎಂದು ಇಂದೇ ಡಿಕ್ಕಿ ತೆರೆದು ನೋಡಿ. ಕಲ್ಲಿಗೆ ಬಡಿದು ಪಕ್ಕ ಹರಿದ ಟೈರಿಗೆ ಆ ಕಿಟ್ ನಾಟುವುದಿಲ್ಲ. ಸ್ಟೆಪ್ನಿ ಇದ್ದವರು ತಿಂಗಳಿಗೊಮ್ಮೆ ಅದರ ಗಾಳಿಯನ್ನೂ ನೋಡಿಸಿ. ಟೈರು ಅಂಗಡಿಗಳಲ್ಲಿ ಗಾಳಿಯ ಗನ್ನಿನಿಂದ ಬಿಗಿದ ನಟ್ಟು ಕಾರಿನ ಜೊತೆ ಬಂದ ಗಿಡ್ಡ ಪಾನೆಗೆ ಜಗ್ಗುವುದಿಲ್ಲ. ಉದ್ದ ಹಿಡಿಕೆಯ ಕ್ರಾಸ್ ಪಾನೆ ಇಟ್ಟುಕೊಂಡರೆ ಮನೆಯ ಹೆಣ್ಣುಮಕ್ಕಳೂ ಅದನ್ನು ಬಿಚ್ಚಬಹುದು. ಜಾಕಿನ ಅಡಿಗೆ ಇಡಲು ಒಂದೂವರೆ ಅಡಿ ಗಟ್ಟಿ ಹಲಗೆ ಬೇಕೇ ಬೇಕು, ಇಲ್ಲದಿದ್ದರೆ ಎರೆಯಲ್ಲಿ ಜಾಕು ಇಳಿಯುತ್ತದೆಯೇ ಹೊರತು ಕಾರು ಏರುವುದಿಲ್ಲ. ಸ್ಟೆಪ್ನಿ ಡಿಕ್ಕಿಯ ಅಡಿಯಲ್ಲಿದೆ, ಅದರ ಮೇಲೆ ಊರಿನ ಸಾಮಾನೆಲ್ಲ ಇದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆ ಸಾಮಾನು ಇಳಿಸುವ ಹೊತ್ತಿನಲ್ಲೇ ಮಕ್ಕಳು ಎಲ್ಲರ ಕಣ್ತಪ್ಪಿಸುವುದು. ಜಾಕು ಹಚ್ಚಿದ ಕಾರಿನೊಳಗೆ ಮಗು ಇರಬಾರದು. ರಾತ್ರಿ, ಬಲಗಡೆಯ ಗಾಲಿ, ಓಡಾಡುವ ಹೆದ್ದಾರಿ, ಈ ಮೂರೂ ಕೂಡಿದರೆ ಗಾಲಿ ಬದಲಿಸಲು ಕೂರಲೇಬೇಡಿ, ಸಹಾಯಕ್ಕೆ ಕಾಯಿರಿ.

ನಮ್ಮದು ಊರು ಗುರುತಿನ ಸೀಮೆ, ಒಂದು ಫೋನು ಮಾಡಿದರೆ ಹತ್ತು ಜನ ಬರುತ್ತಾರೆ, ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಹಾದಿಯಲ್ಲಿ ಕಾರು ನಿಂತದ್ದು ಕಂಡು ಟ್ರ್ಯಾಕ್ಟರ್ ನಿಲ್ಲಿಸಿ ಇಳಿಯುವ ಜನ ಇದು. 2016ರ ಸುಪ್ರೀಂ ಕೋರ್ಟ್ ತೀರ್ಪು, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು ಎರಡೂ ಅಪಘಾತದಲ್ಲಿ ನೆರವಾದವರನ್ನು ಕೇಸು, ಕಿರುಕುಳದಿಂದ ಕಾಪಾಡುತ್ತವೆ, ಆದ್ದರಿಂದ ಅಂಜದೆ ನೆರವಾಗಬಹುದು. ಆದರೆ ಬಂದ ಹತ್ತು ಜನ ತಮ್ಮ ಬೈಕುಗಳನ್ನು ಡಾಂಬರಿನ ಮೇಲೇ ನಿಲ್ಲಿಸಿ ಕಾರಿನ ಸುತ್ತ ಗುಂಪಾಗುತ್ತಾರೆ, ಆಗ ಅಪಾಯದಲ್ಲಿರುವವರ ಸಂಖ್ಯೆ ಹೆಚ್ಚಾಗುತ್ತದೆಯೇ ವಿನಾ ಕಡಿಮೆಯಾಗುವುದಿಲ್ಲ. ಬಂದವರಲ್ಲಿ ಒಬ್ಬರನ್ನು ಬ್ಯಾಟರಿ ಕೊಟ್ಟು ಹಿಂದಕ್ಕೆ ಕಳಿಸಿ, ಉಳಿದವರನ್ನು ರಸ್ತೆಯಿಂದ ಕೆಳಗಿಳಿಸಿ. ಅದೂ ಅಲ್ಲದೆ ಅವರು ಬರುವ ಮೊದಲಿನ ಹತ್ತು ನಿಮಿಷ ನಿಮ್ಮವೇ. ಫೋನು ಸತ್ತರೆ ನಂಬರು ನೆನಪಿಗೆ ಬರುವುದಿಲ್ಲ, ಆದ್ದರಿಂದ ಮನೆಯ ಮೂರು ನಂಬರು, ಮಕ್ಕಳ ರಕ್ತದ ಗುಂಪು, ಅವರಿಗೆ ಆಗದ ಔಷಧಗಳ ಹೆಸರನ್ನು ಕಾಗದದಲ್ಲಿ ಬರೆದು ಕಾರಿನ ಪೆಟ್ಟಿಗೆಯಲ್ಲಿಡಿ. ಯಾವುದೇ ತುರ್ತಿಗೆ 112, ಆಂಬ್ಯುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033. ವಿಜಯಪುರದಿಂದ ಕೊಲ್ಹಾರ, ಬೀಳಗಿ ಕ್ರಾಸ್, ಗದ್ದನಕೇರಿ ಮೇಲೆ ಹುಬ್ಬಳ್ಳಿಗೆ ಹೋಗುವ 52ನೇ ಸಂಖ್ಯೆಯ ಹೆದ್ದಾರಿಯಲ್ಲಿ ಈ ಕೊನೆಯ ನಂಬರು ನಡೆಯುತ್ತದೆ. ಕರೆ ಮಾಡಿದಾಗ ಹತ್ತಿರದ ಕ್ರಾಸು, ಕಿಲೋಮೀಟರ್ ಕಲ್ಲಿನ ಸಂಖ್ಯೆ, ಯಾವ ಊರಿನ ಕಡೆಗೆ ಮುಖ ಮಾಡಿದ್ದೀರಿ ಎಂಬ ಮೂರನ್ನು ಮೊದಲು ಹೇಳಿ, ಮಕ್ಕಳಿದ್ದಾರೆ ಎಂಬುದನ್ನೂ ಹೇಳಿ. ನಿಮ್ಮ ವಿಮೆಯಲ್ಲಿ ರಸ್ತೆ ಬದಿ ನೆರವು ಸೇರಿದೆಯೇ, ಎಷ್ಟು ದೂರದವರೆಗೆ ಎಳೆದು ಒಯ್ಯುತ್ತಾರೆ ಎಂಬುದನ್ನು ಪಾಲಿಸಿ ನೋಡಿ ತಿಳಿದಿಟ್ಟುಕೊಳ್ಳಿ.

ಮಕ್ಕಳಿಗೆ ಇದನ್ನೆಲ್ಲ ಹೇಳಿದರೆ ಹೆದರುತ್ತಾರೆ ಎಂಬ ಮಾತೂ ಇದೆ. ಮಕ್ಕಳು ಹೆದರುವುದು ದೊಡ್ಡವರು ಗಾಬರಿಯಾದಾಗ. ಮೊದಲೇ ಗೊತ್ತಿದ್ದ ಕೆಲಸ ಅವರಿಗೆ ಧೈರ್ಯ ಕೊಡುತ್ತದೆ. ಐದು ವರ್ಷದ ಮಗುವಿಗೂ ಮೂರು ಸಂಗತಿ ಕಲಿಸಬಹುದು. ಕಾರು ನಿಂತರೆ ಕರೆಯುವವರೆಗೂ ಬಾಗಿಲಿಗೆ ಕೈ ಹಾಕಬಾರದು, ಇಳಿದ ಮೇಲೆ ಹಿಡಿದ ಕೈ ಬಿಡಬಾರದು, ಕಾರಿನೊಳಗೆ ಒಬ್ಬರೇ ಸಿಕ್ಕಿಕೊಂಡರೆ ಹಾರ್ನು ಒತ್ತುತ್ತಲೇ ಇರಬೇಕು. ಬಹುತೇಕ ಕಾರುಗಳಲ್ಲಿ ಕೀಲಿ ಇಲ್ಲದೆಯೂ ಹಾರ್ನು ಮೊಳಗುತ್ತದೆ. ನಿಮ್ಮ ಕಾರಿನಲ್ಲಿ ಮೊಳಗುತ್ತದೆಯೇ ಎಂದು ಮಗುವಿನ ಕೈಯಿಂದಲೇ ಒತ್ತಿಸಿ ನೋಡಿ. ಮಗು ಒಳಗೆ, ಕೀಲಿಯೂ ಒಳಗೆ ಎಂಬ ಸ್ಥಿತಿ ಬಂದರೆ ಮೆಕ್ಯಾನಿಕ್ ಬರುವವರೆಗೆ ಕಾಯಬೇಡಿ. ಮಗುವಿನಿಂದ ದೂರದ ಪಕ್ಕದ ಕಿಟಕಿಯ ಮೂಲೆಗೆ ಹೊಡೆದು ಗಾಜು ಒಡೆಯಿರಿ.

ಕಬ್ಬಿನ ಹಂಗಾಮು ಶುರುವಾಗುವುದಕ್ಕೆ ಕೆಲವೇ ದಿನ ಮೊದಲು ನಮ್ಮಲ್ಲಿ ಖಂಡೇಪೂಜೆ ಬರುತ್ತದೆ. ಅಂದು ಕಾರು ತೊಳೆದು, ಹೂ ಏರಿಸಿ, ಕಾಯಿ ಒಡೆಯುತ್ತೇವೆ. ಪೂಜೆಗೆ ಮೊದಲು ಒಂದು ತಾಸು ಬಿಡುವು ಮಾಡಿಕೊಂಡು ಡಿಕ್ಕಿಯನ್ನು ಪೂರ್ತಿ ಖಾಲಿ ಮಾಡಿ, ಸ್ಟೆಪ್ನಿಯ ಗಾಳಿ ನೋಡಿ, ಅಂಗಳದಲ್ಲೇ ಒಂದು ಗಾಲಿ ಬಿಚ್ಚಿ ಹಾಕಿ, ತ್ರಿಕೋನ ಜೋಡಿಸಿ, ಮಕ್ಕಳಿಗೆ ಜಾಕೆಟ್ ತೊಡಿಸಿ ಎಡಬಾಗಿಲಿನಿಂದ ಇಳಿಸಿ ನೋಡಿ. ನಿಮ್ಮಲ್ಲಿ ಟ್ರ್ಯಾಕ್ಟರ್ ಇದ್ದರೆ ಅದೇ ದಿನ ಟ್ರೇಲರಿನ ಬೆನ್ನಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿಯನ್ನು ಸೋಗೆ ಮುಚ್ಚದಷ್ಟು ಕೆಳಗೆ ಅಂಟಿಸಿ, ಹಿಂದಿನ ದೀಪ ಉರಿಯುವಂತೆ ಮಾಡಿಸಿ. ಹಂಗಾಮಿನ ರಾತ್ರಿ ಅದರ ಹಿಂದೆ ಬರುವ ಕಾರಿನಲ್ಲೂ ಮಕ್ಕಳಿರುತ್ತಾರೆ.